ಬಸಳೆಗೆ ಹಾಕಿದ ನೀರು

“ಇವತ್ತು ಬಸ್ಸಿನ ಸರಳು ಹಿಡಿದುಕೊಂಡೇ ಮನೆಗೆ ಹೋಗಿ. ಕೈ ತೊಳೆಯದೆ ಮಗಳನ್ನು ಎತ್ತಿಕೊಳ್ಳಿ,” ಎಂದರು ಬೆಂಗಳೂರಿನ ಡಾಕ್ಟರಮ್ಮ. ಅವರು ಇದ್ದದ್ದು ಕುಮಟೆಯ ಸೈಬರ್ ಕೆಫೆಯೊಂದರ ಕಂಪ್ಯೂಟರ್ ಪರದೆಯಲ್ಲಿ. ಎದುರಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಸರೋಜಾ.

“ಹೆದರಿಕೆ ಆತದ್ರಲ್ಲಾ.”

“ಆಗಲಿ ಬಿಡಿ. ತೊಳೆಯದಿದ್ದರೂ ಅದು ತಾನಾಗಿ ಇಳಿಯುತ್ತದೆ. ಹೋದ ವಾರ ಕೀಬೋರ್ಡ್ ಮುಟ್ಟಿದಾಗ ನೋಡಿದಿರಲ್ಲ?”

“ಆತು. ಮಾಡ್ತೆ,” ಎಂದಳು ಸರೋಜಾ.

ಮತ್ತೆ ಮತ್ತೆ ಕೈ ತೊಳೆಯುವ ತನ್ನ ಚಟಕ್ಕೆ ಗೀಳು ಕಾಯಿಲೆ ಎನ್ನುತ್ತಾರೆಂದು ಅವಳಿಗೆ ಗೊತ್ತಾದದ್ದೇ ಈ ಪರದೆಯಿಂದ. ಊರಿನವರ ಬಾಯಲ್ಲಿ ಅದು ಮಡಿ. ಅತ್ತೆ ಗಣಪಿಗಂತೂ ಸೊಸೆಯ ಮಡಿ ಹೇಳಿಕೊಂಡು ತಿರುಗುವುದೇ ಒಂದು ಸಂಭ್ರಮ. ಮಡಿಯಂತೆ ಮಡಿ! ಚರ್ಮ ಸುಲಿದು ರಕ್ತ ಜಿನುಗುವವರೆಗೆ ಕೈ ಉಜ್ಜುವುದು ಯಾವ ಸೀಮೆಯ ಮಡಿಯೋ. ಅವಳು ತೊಳೆದು ಮುಗಿಸುವಷ್ಟರಲ್ಲಿ ಮಗಳು ಅಂಕಿತಾ ಕಾದು ಕಾದು ಅಜ್ಜಿಯ ಮಡಿಲಲ್ಲಿ ನಿದ್ದೆ ಹೋಗಿರುತ್ತಿದ್ದಳು. ಈಚೆಗೆ ಕಾಯುವುದನ್ನೂ ಬಿಟ್ಟಿದ್ದಳು.

ತದಡಿ ಬಸ್ಸಿನ ತುಂಬ ಮೀನು ಮಾರಿ ಹಿಂತಿರುಗುವ ಹೆಂಗಸರು, ಖಾಲಿ ಬುಟ್ಟಿಗಳು. ಸರೋಜಾ ಸರಳನ್ನು ಎರಡೂ ಕೈಯಲ್ಲಿ ಹಿಡಿದಳು. ಇಳಿದು ಓಡಿಬಿಡಲೇ ಅನ್ನಿಸಿದರೂ ಹಿಡಿದ ಕೈ ಬಿಡಲಿಲ್ಲ. ತಮ್ಮೂರ ಸ್ಟಾಪು ಬರುವ ಹೊತ್ತಿಗೆ ಹೆದರಿಕೆ ಅರ್ಧ ಇಳಿದಿತ್ತು. ಡಾಕ್ಟರಮ್ಮ ಸುಳ್ಳು ಹೇಳಿರಲಿಲ್ಲ.

ಹೊರಗಿನಿಂದ ಬಂದವರು ಕಾಲು ತೊಳೆಯದೆ ಆ ಮನೆಯ ಮೆಟ್ಟಿಲು ಹತ್ತುವಂತಿಲ್ಲ. ಗಣಪಿ ಎಂದಿನಂತೆ ತಂಬಿಗೆ ನೀರು, ಮೇಲೆ ಒಂದು ಹೊಸ ಸೋಪು ಹಿಡಿದು ಅಂಗಳದಲ್ಲೇ ನಿಂತಿದ್ದಳು.

“ಇವತ್ತು ನೀರು ಬೇಡ ಅತ್ತೆ.”

“ಎಂತ ಮಾತೇ ಇದು? ಮಂದಿ ನೋಡಿರೆ ಎಂತ ಹೇಳೂದು?”

“ಸರೋಜಾ ಗುಣ ಆಗ್ತೇ ಬಂತು ಹೇಳಿ. ಆ ನೀರು ಬಸಳೆ ಬುಡಕ್ಕೆ ಹಾಕಿ.”

ಗಣಪಿ ತಂಬಿಗೆ ಹಿಡಿದು ಗೊಣಗಿಕೊಂಡೇ ಬಸಳೆ ಚಪ್ಪರದ ಕಡೆ ನಡೆದಳು.

ಸರೋಜಾ ಮೆಟ್ಟಿಲು ಹತ್ತಿ, ಜಗುಲಿಯಲ್ಲಿ ಆಡುತ್ತಿದ್ದ ಮಗಳನ್ನು ಬಾಚಿ ಎತ್ತಿಕೊಂಡಳು. ಕಣ್ಣು ತುಂಬುವಷ್ಟು ಖುಷಿಯಾಯಿತು.

ಹುಟ್ಟಿದಂದಿನಿಂದ ತಾಯಿಯ ಕೈಯಲ್ಲಿ ಸೋಪಿನ ವಾಸನೆಯನ್ನಷ್ಟೇ ಕಂಡಿದ್ದ ಅಂಕಿತಾ, ಅವಳ ಅಂಗೈಯನ್ನು ಮೂಗಿಗೆ ಹಿಡಿದು ಮೂಸಿದಳು. ಮುಖ ನೋಡಿದಳು. ಮತ್ತೆ ಮೂಸಿದಳು.

“ಅವ್ವೀ, ಇದು ಯಾರ ಕೈ?”