ಟ್ಯಾಕ್ಸಿಯಲ್ಲಿ ಬಂದ ಸಾಕ್ಷಿ

ಮನೆಯ ಮುಂದೆ ಟ್ಯಾಕ್ಸಿ ಬಂದು ನಿಂತಾಗ ಹೋಬರ್ಟನ ಎದೆ ಧಸಕ್ಕೆಂದಿತು. ಅಡುಗೆಮನೆಯಲ್ಲಿ ಬೀನ್ಸ್ ಬಿಡಿಸುತ್ತಿದ್ದ ತಾಯಿ ಲೊವೀನಾಳ ಕೈ ನಿಂತುಹೋಗಿದೆ ಎನ್ನುವುದು ಅವನಿಗೆ ತಿರುಗಿ ನೋಡದೆಯೇ ಗೊತ್ತು. ಕೆಂಟಕಿಯ ಆ ಕಣಿವೆಗೆ ಟ್ಯಾಕ್ಸಿ ಬರುವುದೇ ಅಪರೂಪ. ಅವಳ ಹರೆಯದಲ್ಲಿ ಒಮ್ಮೆ ಬಂದಿತ್ತು. ಡ್ರೈವರ್ ಕೈಯಲ್ಲಿ ಸೈನ್ಯದ ಟೆಲಿಗ್ರಾಂ ಇತ್ತು, ಅದರಲ್ಲಿ ಗಂಡ ಕೊರಿಯಾದಲ್ಲಿ ಸತ್ತ ಸುದ್ದಿ. ಆ ಕಾಲದಲ್ಲಿ ಅಂಥ ಟೆಲಿಗ್ರಾಂಗಳನ್ನು ಟ್ಯಾಕ್ಸಿಯವರ ಕೈಗೆ ಕೊಟ್ಟು ಕಳಿಸುತ್ತಿದ್ದರು. ಈಗ ಅವಳಿಗೆ ತೊಂಬತ್ತು ದಾಟಿದೆ, ಆದರೂ ಟ್ಯಾಕ್ಸಿಯ ಸದ್ದು ಕೇಳಿದರೆ ಅವಳ ಮುಖ ಬಿಳಿಚಿಕೊಳ್ಳುತ್ತದೆ.

"ಏನೂ ಇಲ್ಲಮ್ಮ, ಯಾರೋ ದಾರಿ ತಪ್ಪಿ ಬಂದಿದ್ದಾರೆ," ಎಂದು ಕೂಗಿ ಹೋಬರ್ಟ್ ಹೊರಗೋಡಿದ. ಇಳಿಯುತ್ತಿದ್ದವನು ಕ್ಲೈಡ್. ವಿಯೆಟ್ನಾಂ ಯುದ್ಧದಲ್ಲಿ ಹೋಬರ್ಟ್ ಇದ್ದ ತುಕಡಿಯ ಗಾಯಗಳಿಗೆಲ್ಲ ಪಟ್ಟಿ ಕಟ್ಟಿದವನು, ಡಾಕ್ಟರ್ ಅಲ್ಲದಿದ್ದರೂ ಎಲ್ಲರ ಬಾಯಲ್ಲೂ 'ಡಾಕ್'. ಈಗ ಅವನ ಮೂಗಿಗೇ ಆಕ್ಸಿಜನ್ ಕೊಳವೆ, ಪಕ್ಕದಲ್ಲಿ ಗಾಲಿಯ ಮೇಲೆ ಸಿಲಿಂಡರ್.

"ಟ್ಯಾಕ್ಸಿನೇ ಬೇಕಿತ್ತೇನೋ ನಿಂಗೆ? ಅದೂ ಈ ಮನೆಗೆ?" ಹೋಬರ್ಟ್ ಪಿಸುದನಿಯಲ್ಲೇ ಗದರಿದ.

"ಮತ್ತೇನು, ಇದನ್ನ ಎಳ್ಕೊಂಡು ನಡ್ಕೊಂಡು ಬರ್ಲಾ? ಮೊದ್ಲು ಕೂರಿಸು ಮಾರಾಯ."

ಜಗಲಿಯ ಬೆಂಚಿನ ಮೇಲೆ ಕೂತು ಉಸಿರು ಹಿಡಿತಕ್ಕೆ ಬಂದ ಮೇಲೆ ಡಾಕ್ ಜೇಬಿನಿಂದ ಕಾಗದ ತೆಗೆದ. "ನಿನ್ನ ಎಡ ಭುಜಕ್ಕೆ ಬಾಂಬಿನ ಚೂರು ಹೊಕ್ಕಿದ್ದು, ನಾನೇ ಹೊಲಿಗೆ ಹಾಕಿದ್ದು, ಎಲ್ಲ ಬರ್ದಿದ್ದೀನಿ. ಅರ್ಜಿಗೆ ನೀನು ಸೈನ್ ಹಾಕಿದ್ರೆ ಸೈನ್ಯದ ದಾಖಲೆ ತಿದ್ತಾರೆ. ಗಾಯ ಆದೋರಿಗೆ ಕೊಡೋ ಪರ್ಪಲ್ ಹಾರ್ಟ್ ಪದಕ ನಿಂಗೂ ಬರುತ್ತೆ."

"ಗಾಯದ ಚೀಟಿ ಬರೀಬೇಡ ಅಂದೋನೇ ನಾನಲ್ವಾ?"

ನಿಜ. ಆ ದಿನ ಭುಜದಿಂದ ರಕ್ತ ಸುರಿಯುತ್ತಿದ್ದರೂ ಹೋಬರ್ಟ್ ಡಾಕ್‌ನ ಕೈ ಹಿಡಿದು ಬೇಡಿಕೊಂಡದ್ದು ಅದೊಂದನ್ನೇ. ಚೀಟಿ ಬರೆದರೆ ಮನೆಗೆ ಟೆಲಿಗ್ರಾಂ ಹೋಗುತ್ತದೆ, ಟೆಲಿಗ್ರಾಂ ಟ್ಯಾಕ್ಸಿಯಲ್ಲಿ ಹೋಗುತ್ತದೆ, ಅದನ್ನು ಒಡೆದು ಓದುವ ಮೊದಲೇ ಅಮ್ಮನ ಜೀವ ಹೋಗಿರುತ್ತದೆ. ಡಾಕ್ ಕೊಟ್ಟ ಮಾತು ಉಳಿಸಿಕೊಂಡ. ಊರಿಗೆ ಮರಳಿದ ಹೋಬರ್ಟ್ ಹೊಳೆಯಲ್ಲಿ ಈಜುವಾಗಲೂ ಅಂಗಿ ಬಿಚ್ಚಲಿಲ್ಲ.

"ಅಮ್ಮ ಇರೋವರೆಗೂ ಬೇಡ ಡಾಕ್. ಪದಕ ಬಂದ್ರೆ ಊರೆಲ್ಲ ಸುದ್ದಿ. ಅವಳ ಕಿವಿಗೆ ಬೀಳ್ದೇ ಇರುತ್ತಾ?"

"ಅವರು ನೂರು ವರ್ಷ ಬಾಳ್ಲಿ. ನಾನಿರಲ್ವಲ್ಲೋ. ಅವತ್ತು ಅಲ್ಲಿದ್ದೋರಲ್ಲಿ ಉಳ್ದಿರೋನು ನಾನೊಬ್ಬ, ಈ ಚಳಿಗಾಲ ದಾಟೋದು ಕಷ್ಟ ಅಂದಿದ್ದಾರೆ ಡಾಕ್ಟ್ರು. ಆಮೇಲೆ ಸಾಕ್ಷಿಗೆ ಯಾರನ್ನ ತರ್ತೀಯ? ಗೋರಿ ಕಲ್ಲಿನ ಮೇಲೂ ದಾಖಲೇಲಿ ಇರೋದನ್ನೇ ಕೆತ್ತೋದು. ನಿನ್ನ ಗಾಯಾನ ನನ್ನ ಜೊತೆಗೇ ಹೂತ್ಕೊಂಡು ಹೋಗೋಕೆ ಮನಸ್ಸಿಲ್ಲ ಕಣೋ."

ಹೋಬರ್ಟನಿಗೆ ಪದಕ ಬೇಡವೆಂದರೆ ಅದು ಸುಳ್ಳು. ಪ್ರತಿ ನವೆಂಬರಿನಲ್ಲಿ ಊರಿನ ಮಾಜಿ ಸೈನಿಕರು ಪದಕ ತೊಟ್ಟು ಮೆರವಣಿಗೆ ಹೊರಟಾಗ ಅವನು ರಸ್ತೆ ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದ, ಮನೆಗೆ ಬಂದು ಆ ದಿನವೆಲ್ಲ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಚಳಿಗೆ ಎಡ ಭುಜ ಹಿಡಿದುಕೊಂಡಿತ್ತು. ಅಂಗಿಯ ಮೇಲಿಂದಲೇ ಒತ್ತಿಕೊಂಡ. ಅಮ್ಮ ಹೊಲಿದ ಅಂಗಿ, ಒಳಗಡೆ ಮೆತ್ತನೆ ಫ್ಲಾನೆಲ್ ಬಟ್ಟೆಯ ಪದರ. ಅಂಗಡಿಯ ಅಂಗಿಯನ್ನು ಅವಳು ಅವನಿಗೆ ಎಂದೂ ಕೊಳ್ಳಗೊಟ್ಟವಳಲ್ಲ.

ಜಾಲರಿ ಬಾಗಿಲು ಕಿರ್ರೆಂದಿತು. ವಾಕರ್ ಹಿಡಿದು ಲೊವೀನಾ ಹೊರಗೆ ಬಂದಳು. ಟ್ಯಾಕ್ಸಿಯನ್ನು ಒಮ್ಮೆ ನೋಡಿದಳು, ಆಮೇಲೆ ಡಾಕ್‌ನನ್ನು.

"ಹೊಲಿಗೆ ಹಾಕಿದ್ದು ನೀನೇನಪ್ಪ?"

ಡಾಕ್ ಹೋಬರ್ಟನ ಮುಖ ನೋಡಿದ. ಅಲ್ಲಿ ಯಾವ ಸಹಾಯವೂ ಸಿಗಲಿಲ್ಲ. "ಹೌದು ತಾಯಿ."

"ಗೋಣಿಚೀಲ ಹೊಲ್ದಂಗೆ ಹೊಲ್ದಿದ್ದೀಯ."

"ಕತ್ತಲಲ್ಲಿ ಹಾಕಿದ್ದು ತಾಯಿ," ಎಂದ ಡಾಕ್, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ.

ಹೋಬರ್ಟ್ ತಾಯಿಯ ಕಡೆ ತಿರುಗಿದ. "ಅಮ್ಮ, ನಿಂಗೆ ಯಾವಾಗ..."

"ನೀನು ಬಂದ ವಾರವೇ. ಜ್ವರ ಬಂದು ಪ್ರಜ್ಞೆ ಇಲ್ದೆ ಬಿದ್ದಿದ್ಯಲ್ಲ, ಅಂಗಿ ಬಿಚ್ಚಿ ಮೈ ಒರೆಸಿದ್ದು ಯಾರು ಅನ್ಕೊಂಡೆ?"

"ಒಂದು ಮಾತೂ ಕೇಳ್ಲಿಲ್ವಲ್ಲಮ್ಮ."

"ನೀನು ಹೇಳಿದ್ಯಾ? ನಾನು ಹೆದರ್ಕೋತೀನಿ ಅಂತ ನೀನು ಮುಚ್ಚಿಟ್ಟೆ. ನಂಗೆ ಗೊತ್ತಾಯ್ತು ಅಂದ್ರೆ ನೀನು ಕೊರಗ್ತೀಯ ಅಂತ ನಾನೂ ಸುಮ್ನಾದೆ. ಸಾಕು, ನೀವು ಮಾತಾಡಿದ್ದೆಲ್ಲ ಒಳಗೆ ಕೇಳಿಸ್ತು, ಸೈನ್ ಹಾಕು. ಇನ್ನೊಬ್ಬ ಸಾಕ್ಷಿ ಬೇಕು ಅಂದ್ರೆ ನಾನಿದ್ದೀನಿ ಅಂತ ಬರಿ. ಆಮೇಲೆ ಆ ಟ್ಯಾಕ್ಸಿಯೋನನ್ನೂ ಒಳಕ್ಕೆ ಕರಿ, ಎಷ್ಟು ಹೊತ್ತು ಅಂತ ಹಸ್ಕೊಂಡು ಕೂತಿರ್ತಾನೆ ಪಾಪ."

ಅವಳು ವಾಕರ್ ತಿರುಗಿಸಿಕೊಂಡು ನಿಧಾನವಾಗಿ ಒಳಗೆ ಹೋದಳು. ಡಾಕ್ ಪೆನ್ನು ಚಾಚಿದ. ಹೋಬರ್ಟ್ ಅದನ್ನು ತೆಗೆದುಕೊಳ್ಳಲಿಲ್ಲ. ಅವನ ಕೈ ಇನ್ನೂ ಎಡ ಭುಜದ ಮೇಲಿತ್ತು, ಮೆತ್ತನೆ ಫ್ಲಾನೆಲಿನ ಮೇಲೆ. ಅಮ್ಮನ ಹೊಲಿಗೆಯೇ ಹಾಗೆ ಎಂದುಕೊಂಡು ಇಷ್ಟು ವರ್ಷ ತೊಟ್ಟುಕೊಂಡು ಬಂದಿದ್ದ. ಈಗ ಆ ಕೈಯನ್ನು ಮೆಲ್ಲಗೆ ಬಲ ಭುಜಕ್ಕೆ ತಂದು, ಕಾಲರಿನೊಳಗೆ ಬೆರಳು ತೂರಿಸಿ ನೋಡಿದ.

ಅಲ್ಲಿ ಫ್ಲಾನೆಲ್ ಇರಲಿಲ್ಲ, ಬರೀ ಒಂಟಿ ಪದರದ ಬಟ್ಟೆ ಇತ್ತು.