ನೀರಿಗೆ ಬಿದ್ದ ಪಾಕ

ಕಲ್ಲೊಡೆಯುವ ತಿಪ್ಪಯ್ಯ ಎತ್ತಿದ ಸುತ್ತಿಗೆ ಕೆಳಗಿಳಿಯುವ ಮೊದಲೇ ಹೊನ್ನಮ್ಮ ಬಂಡೆ ಹತ್ತಿ ನಿಂತಳು. ದಿಂಬುಗಳನ್ನು ಒಂದರ ಮೇಲೊಂದು ಒತ್ತಿಟ್ಟಂತಿದ್ದ ಆ ಕರಿಬಂಡೆಯನ್ನು ರಸ್ತೆಯ ಜಲ್ಲಿಗೆ ಕೊಡಲು ಅವಳ ದೊಡ್ಡಪ್ಪ ಓಬಳೇಶಪ್ಪ ಒಪ್ಪಿಯಾಗಿತ್ತು.

“ಒಡೆಸ್ಬ್ಯಾಡ್ರಿ ದೊಡ್ಡಪ್ಪ. ಇದು ಸಮುದ್ರದಾಗೆ ಹುಟ್ಟಿದ ಕಲ್ಲು,” ಎಂದಳು. ಮೈಸೂರಿನಲ್ಲಿ ಭೂವಿಜ್ಞಾನ ಓದುತ್ತಿದ್ದವಳು ೧೯೭೬ರ ಪಂಚಮಿ ಹಬ್ಬಕ್ಕೆಂದು ಊರಿಗೆ ಬಂದಿದ್ದಳು.

“ದುರ್ಗದಾಗೆ ಸಮುದ್ರ ಎಲ್ಲಿತ್ತವ್ವಾ? ಕುಡಿಯಾಕೇ ನೀರಿಲ್ಲ!” ಓಬಳೇಶಪ್ಪ ನಕ್ಕ. ತಿಪ್ಪಯ್ಯನೂ ನಕ್ಕ.

ಹೊನ್ನಮ್ಮ ಬಂಡೆಯಿಂದ ಇಳಿದು ಪಕ್ಕದಲ್ಲೇ ಇದ್ದ ತಮ್ಮ ಹಿತ್ತಲಿಗೆ ಓಡಿದಳು. ಅಲ್ಲಿ ಅವ್ವ ಕೆಂಚಕ್ಕ ಶೇಂಗಾ ಉಂಡೆಗೆ ಬೆಲ್ಲದ ಪಾಕ ಕಾಯಿಸುತ್ತ, ಹದ ನೋಡಲು ಒಂದು ಬಟ್ಟಲಲ್ಲಿ ತಣ್ಣೀರು ಇಟ್ಟುಕೊಂಡಿದ್ದಳು. ಮಗಳು ಪಾಕದ ಪಾತ್ರೆ, ನೀರಿನ ಬಟ್ಟಲು ಎರಡನ್ನೂ ಎತ್ತಿಕೊಂಡು ಬಂಡೆಯ ಬಳಿಗೆ ಬಂದಳು. ಅವ್ವ ಬೈಯುತ್ತ ಹಿಂದೆಯೇ ಬಂದಳು. ಹೊನ್ನಮ್ಮ ಕುದಿಪಾಕವನ್ನು ಸೌಟಿನಿಂದ ನೀರಿಗೆ ಬಿಟ್ಟಳು. ಬಿದ್ದದ್ದು ಬಿದ್ದಲ್ಲೇ ಗಟ್ಟಿಯಾಗಿ ಗುಂಡಗೆ ನಿಂತಿತು. ಎರಡನೆಯದು ಅದರ ಮೇಲೆ ಬಿದ್ದು, ಅದಕ್ಕೇ ಮೈಯೊತ್ತಿ ಕೂತಿತು.

“ಕೋಟ್ಯಂತರ ವರ್ಷದ ಹಿಂದೆ ಭೂಮಿಯೊಳಗಿನ ಕಲ್ಲು ಕರಗಿ ಮ್ಯಾಲಕ್ಕೆ ಉಕ್ಕಿ, ಹಿಂಗೇ ಸಮುದ್ರದ ನೀರಿಗೆ ಬಿದ್ದೈತೆ,” ಎಂದಳು.

“ನೆಲಕ್ಕೆ ಬಿದ್ದಿದ್ರೆ?” ಎನ್ನುತ್ತ ಓಬಳೇಶಪ್ಪ ಸೌಟು ಕಿತ್ತುಕೊಂಡು, ಒಂದು ಸೌಟು ಪಾಕವನ್ನು ನೆಲಕ್ಕೇ ಸುರಿದ.

“ಅಯ್ಯೋ, ನನ್ನ ಪಾಕ!” ಎಂದು ಕೆಂಚಕ್ಕ ಕೂಗಿದಳು.

ಪಾಕ ದೋಸೆಯ ಹಾಗೆ ಚಪ್ಪಟೆಯಾಗಿ ಹರಡಿತು. ಓಬಳೇಶಪ್ಪ ಅದನ್ನು ನೋಡಿದ, ಬಟ್ಟಲು ನೋಡಿದ. ಆಮೇಲೆ ಬಂಡೆಯ ಒಂದು ಉಬ್ಬಿನ ಮೇಲೆ ಅಂಗೈಯಿಟ್ಟು ಸವರಿದ. ತಿಪ್ಪಯ್ಯ ಮತ್ತೆ ಸುತ್ತಿಗೆ ಎತ್ತಿದ.

“ಲೇ!” ಓಬಳೇಶಪ್ಪ ಗುಡುಗಿದ. “ನಮ್ಮೂರ ಸಮುದ್ರಕ್ಕೆ ಸುತ್ತಿಗೆ ಹಾಕ್ತೀಯೇನ್ಲೇ? ನಡಿಯಲೇ ಅತ್ಲಾಗೆ!”