ಬುಟ್ಟಿ ಮುಚ್ಚಿದ ಹೆಜ್ಜೆ

ಕೆರೆದಂಡೆಯ ಮರಳಿನಲ್ಲಿ ಮಗಳ ಬರಿಗಾಲಿನ ಹೆಜ್ಜೆ ಕಂಡದ್ದೇ ತಡ, ಕಸ ಗುಡಿಸುವವನ ಕೈಯ ಪೊರಕೆ ನಿಂತುಬಿಟ್ಟಿತು. ವರ್ಷಕ್ಕೊಮ್ಮೆ ಬರುವ ಕೂಸು ನಿನ್ನೆ ಸಂಜೆ ಅಜ್ಜಿಯ ಜೊತೆ ಬಸ್ಸು ಹತ್ತಿ ಹೋಗಿತ್ತು. ಆದರೆ ಪರಿಸರಸ್ನೇಹಿ ರೆಸಾರ್ಟಿನ ಕಾನೂನು ಅಂದರೆ ಕಾನೂನು. ಅತಿಥಿಗಳು ಏಳುವಷ್ಟರಲ್ಲಿ ಮರಳಿನ ಮೇಲೆ ಪ್ರಾಣಿಗಳ ಹೆಜ್ಜೆ ಮಾತ್ರ ಉಳಿಯಬೇಕು. ದುಡ್ಡು ಸುರಿದು ಕಾಡಿಗೆ ಬಂದವರಿಗೆ ಒಂದು ನರಪಿಳ್ಳೆಯ ಗುರುತೂ ಕಾಣಬಾರದಂತೆ!

ಅವನು ಸುತ್ತಲೂ ಗುಡಿಸಿದ. ಆ ಒಂದು ಹೆಜ್ಜೆಯ ಮೇಲೆ ಮಾತ್ರ, ಹುಲಿಯ ಹೆಜ್ಜೆ ಕೆಡದಂತೆ ಗೈಡುಗಳು ಮುಚ್ಚಿಡುವ ಹಾಗೆ, ಬುಟ್ಟಿ ಬೋರಲು ಹಾಕಿದ.

ಅದನ್ನು ಕಂಡ ಮ್ಯಾನೇಜರ್ ಓಡಿಬಂದ. "ಏನಯ್ಯಾ, ಹುಲಿನಾ, ಚಿರತೆನಾ? ಗೆಸ್ಟುಗಳನ್ನ ಕರೀಲಾ?"

"ಕರೀಬೇಡಿ ಸಾರ್, ನಮ್ಮನೆ ಮರಿ," ಅಂದ ಅವನು, ಬುಟ್ಟಿಯ ಮೇಲಿಂದ ಕೈ ತೆಗೆಯದೆ. "ಇನ್ನು ಬರೋದು ಮುಂದಿನ ವರ್ಷಾನೇ."